ಬಿ.ಎಡ್ ಇದ್ರೂ ಒಂದನೇ ಕ್ಲಾಸಿಗೆ ಟೀಚರ್ ಆಗಂಗಿಲ್ಲ! ಯಾಕೆ? ತಡವಾಗಿ ಬಂದವರಿಗೆ ತೆರೆದ, ಮುಚ್ಚಿದ ಬಾಗಿಲುಗಳ ಇತಿಹಾಸ

1/8

2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಡ್ತು. ದೇವೇಶ್ ಶರ್ಮಾ ವಿರುದ್ಧ ಭಾರತ ಸರ್ಕಾರ ಅನ್ನೋ ಕೇಸು. ತೀರ್ಪಿನ ಸಾರ ಇಷ್ಟೇ: ಬಿ.ಎಡ್ ಮಾಡಿದವರು 1ರಿಂದ 5ನೇ ಕ್ಲಾಸಿಗೆ ಶಿಕ್ಷಕರಾಗೋಕೆ ಅರ್ಹರಲ್ಲ. ಅದಕ್ಕೆ ಬೇಕಾಗಿರೋದು ಡಿ.ಎಲ್.ಎಡ್, ಅಂದ್ರೆ ನಮ್ಮ ಮನೆಗಳಲ್ಲಿ ಇವತ್ತಿಗೂ ಡಿ.ಎಡ್ ಅಂತಾನೇ ಕರೆಯೋ ಎರಡು ವರ್ಷದ ಡಿಪ್ಲೊಮಾ.

ಇದನ್ನ ಓದಿದ ತಕ್ಷಣ ನಮ್ಮ ಕ್ಲಾಸ್ ಗ್ರೂಪಲ್ಲಿ ಎಲ್ರೂ ಕೇಳಿದ್ದು ಒಂದೇ ಪ್ರಶ್ನೆ. "ಡಿಗ್ರಿ ಮುಗಿಸಿ ಬಿ.ಎಡ್ ಮಾಡಿದವರು ಜಾಸ್ತಿ ಓದಿದವರು ತಾನೇ? ಕಮ್ಮಿ ಓದಿದವರಿಗೆ ಕೆಲ್ಸ, ಜಾಸ್ತಿ ಓದಿದವರಿಗೆ ಇಲ್ವಾ?"

ಕೋರ್ಟು ಕೊಟ್ಟ ಕಾರಣ ನೇರವಾಗಿದೆ. ಬಿ.ಎಡ್ ರೂಪಿಸಿರೋದು ಹೈಸ್ಕೂಲು ಮತ್ತು ಅದಕ್ಕಿಂತ ಮೇಲಿನ ಮಕ್ಕಳಿಗೆ ಪಾಠ ಮಾಡೋಕೆ. ಆರು ವರ್ಷದ ಮಗುಗೆ ಅಕ್ಷರ ಕಲಿಸೋದು ಬೇರೇನೇ ವಿದ್ಯೆ. ಆ ಮಗುಗೆ ಒಳ್ಳೆ ಶಿಕ್ಷಣ ಸಿಗೋದು ಸಂವಿಧಾನದ 21ಎ ವಿಧಿ ಕೊಟ್ಟ ಹಕ್ಕು. ಶಿಕ್ಷಕರ ಕೆಲಸದ ಆಸೆಗಿಂತ ಆ ಹಕ್ಕು ದೊಡ್ಡದು.

ನನಗೆ ತೀರ್ಪು ಸರಿ ಅನ್ಸುತ್ತೆ. ಆದ್ರೆ ಇಲ್ಲಿ ಸಿಕ್ಕಿಹಾಕಿಕೊಂಡವರು ಯಾರು ಅಂತ ನೋಡಿದಾಗ ಬೇರೆ ಒಂದು ಕಥೆ ಕಾಣ್ಸುತ್ತೆ. ಹದಿನೆಂಟಕ್ಕೆ ಪಿಯುಸಿ ಮುಗಿಸಿ ಡಿ.ಎಡ್ ಸೇರಿದವರಿಗೆ ಏನೂ ಆಗಲಿಲ್ಲ. ಪೆಟ್ಟು ಬಿದ್ದವರಲ್ಲಿ ಮೂವತ್ತು ದಾಟಿದ ಮೇಲೆ, ಮದುವೆ ಮಕ್ಕಳು ಆದ್ಮೇಲೆ, ಇನ್ನೊಂದು ಕೆಲಸ ಬಿಟ್ಟು ಬಂದವರೂ ಇದಾರೆ. ಈ ಸೀರೀಸ್ ಅವರ ಬಗ್ಗೆ. ಎಂಟು ಪೋಸ್ಟ್ ಇದೆ, ನಿಧಾನಕ್ಕೆ ಓದಿ.

2/8

ಇದನ್ನ ಬರೆಯೋಕೆ ನನಗೊಂದು ಸ್ವಂತ ಕಾರಣ ಇದೆ. ನನ್ನ ಚಿಕ್ಕಮ್ಮನಿಗೆ 36 ವರ್ಷ. ಪಿಯುಸಿ ಆರ್ಟ್ಸ್, 54 ಪರ್ಸೆಂಟ್. ಮದುವೆ ಆಗಿ ಓದು ನಿಂತಿತ್ತು. ಈಗ ಒಂದು ಖಾಸಗಿ ನರ್ಸರೀಲಿ ಐದು ವರ್ಷದಿಂದ ಎಲ್‌ಕೆಜಿ ಮಕ್ಕಳನ್ನ ನೋಡ್ಕೋತಾಳೆ. ಅಲ್ಲಿ ಅವಳನ್ನ ಮಿಸ್ ಅಂತಾರೆ, ಸಂಬಳದ ದಿನ ಮಾತ್ರ ಆಯಾ ಲೆಕ್ಕ. ಸರಿಯಾಗಿ ಓದಿ ಪ್ರೈಮರಿ ಟೀಚರ್ ಆಗ್ಬೇಕು ಅಂತ ಈ ವರ್ಷ ಗಟ್ಟಿ ಮನಸ್ಸು ಮಾಡಿದಾಳೆ.

ಪರಿಚಯದವರೊಬ್ಬರು ಅವಳಿಗೆ ಹೇಳಿದ್ದು: "ಕರೆಸ್ಪಾಂಡೆನ್ಸಲ್ಲಿ ಬಿ.ಎ ಮಾಡಿ, ಆಮೇಲೆ ಬಿ.ಎಡ್ ಮಾಡಿ, ಎಲ್ಲಾ ಕಡೆ ನಡೆಯುತ್ತೆ."

ನಾವು ಬಿಕಾಂನವರು ಲೆಕ್ಕ ಹಾಕದೆ ಬಿಡ್ತೀವಾ? ಬಿ.ಎ 3 ವರ್ಷ, ಬಿ.ಎಡ್ 2 ವರ್ಷ, ಒಟ್ಟು 5. ಆಗ ಅವಳಿಗೆ 41. ಆಮೇಲೂ ಅವಳಿಗಿಷ್ಟವಾದ ಒಂದನೇ ಕ್ಲಾಸಿಗೆ ಅರ್ಹತೆ ಇಲ್ಲ. ಡಿ.ಎಲ್.ಎಡ್ ಆದ್ರೆ 2 ವರ್ಷ, ಪಿಯುಸಿಯಲ್ಲಿ 50 ಪರ್ಸೆಂಟ್ ಸಾಕು. 38ಕ್ಕೆ ಅರ್ಹತೆ. "ಡಿಗ್ರಿ ದೊಡ್ಡದು" ಅನ್ನೋ ಒಂದು ಮಾತಿಗೆ ಐದು ವರ್ಷ ಹೋಗ್ತಿತ್ತು.

ಹದಿನೇಳು ವಯಸ್ಸಲ್ಲಿ ಎರಡು ವರ್ಷ ವ್ಯರ್ಥ ಆದ್ರೆ ಮನೇಲಿ ಬೈಗುಳ ತಿಂದು ಮುಂದಕ್ಕೆ ಹೋಗಬಹುದು. ಮೂವತ್ತಾರರಲ್ಲಿ ಎರಡು ವರ್ಷ ಅಂದ್ರೆ ಬಿಟ್ಟ ಸಂಬಳ, ಮಕ್ಕಳ ಫೀಸು, ಅತ್ತೆ ಮನೆಯವರ ಮಾತು, ನೇಮಕಾತಿಯ ವಯೋಮಿತಿ ಎಲ್ಲಾ ಸೇರಿ ಬೀಳೋ ಬಿಲ್ಲು. ಕಾಸ್ಟ್ ಅಕೌಂಟಿಂಗಲ್ಲಿ ಆಪರ್ಚುನಿಟಿ ಕಾಸ್ಟ್ ಅಂತ ಓದ್ತೀವಲ್ಲ, ಅದು ಎಲ್ಲರಿಗೂ ಒಂದೇ ಅಲ್ಲ.

ಚಿಕ್ಕಮ್ಮ ಕೇಳಿದ್ಲು, "ಈ ಗೊಂದಲ ಮಾಡಿಟ್ಟಿದ್ದು ಯಾರೇ?"

ಅದಕ್ಕೆ ಉತ್ತರ ಹುಡುಕೋಕೆ 170 ವರ್ಷ ಹಿಂದಕ್ಕೆ ಹೋಗ್ಬೇಕು.

3/8

1854ರಲ್ಲಿ ಬ್ರಿಟಿಷ್ ಸರ್ಕಾರದ ವುಡ್ಸ್ ಡೆಸ್ಪ್ಯಾಚ್ ಬಂತು. ಶಾಲೆ ತೆರೆದ್ರೆ ಸಾಲದು, ಶಿಕ್ಷಕರಿಗೆ ತರಬೇತಿ ಕೊಡೋ ಸಂಸ್ಥೆಗಳೂ ಬೇಕು ಅಂತ ಅದರಲ್ಲಿತ್ತು. ಅಂಥ ಸಂಸ್ಥೆಗಳಿಗೆ ನಾರ್ಮಲ್ ಸ್ಕೂಲ್ ಅಂತ ಹೆಸರು. ಹಳೇ ಊರುಗಳಲ್ಲಿ ಅಜ್ಜಂದಿರು "ನಾರ್ಮಲ್ ಸ್ಕೂಲು" ಅಂದ್ರೆ ನಗಬೇಡಿ, ಅಬ್‌ನಾರ್ಮಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಪಾಠ ಮಾಡೋಕೆ ಒಂದು ಮಾದರಿ, ಒಂದು ನಾರ್ಮ್ ಕಲಿಸೋ ಜಾಗ ಅಂತ ಅರ್ಥ. ಫ್ರೆಂಚ್‌ನಿಂದ ಬಂದ ಪದ.

ಹುಡುಗರ ಶಾಲೆಗೆ ಮೇಷ್ಟ್ರು ಸಿಕ್ಕಿದ್ರು. ಹುಡುಗಿಯರ ಶಾಲೆಗೆ? 1866ರಲ್ಲಿ ಬ್ರಿಸ್ಟಲ್‌ನಿಂದ ಮೇರಿ ಕಾರ್ಪೆಂಟರ್ ಅನ್ನೋ ಸಮಾಜ ಸುಧಾರಕಿ ಭಾರತಕ್ಕೆ ಬಂದ್ರು. ಊರೂರು ತಿರುಗಿ ಶಾಲೆ ನೋಡಿದ್ರು. ಹುಡುಗಿಯರ ಶಾಲೆಯಲ್ಲೂ ಗಂಡಸರೇ ಪಾಠ ಮಾಡ್ತಿದ್ರು. ಅದೇ ಕಾರಣಕ್ಕೆ ಹುಡುಗಿ ಸ್ವಲ್ಪ ದೊಡ್ಡವಳಾದ ಕೂಡಲೇ ಮನೆಯವರು ಶಾಲೆ ಬಿಡಿಸ್ತಿದ್ರು. ಹೆಂಗಸರಿಗೇ ನಾರ್ಮಲ್ ಸ್ಕೂಲ್ ಬೇಕು ಅಂತ ಅವರು ಸರ್ಕಾರದ ಹಿಂದೆ ಬಿದ್ರು.

ಆದ್ರೆ ತರಬೇತಿಗೆ ಬರೋ ಹೆಂಗಸರು ಎಲ್ಲಿದ್ರು? ಹನ್ನೆರಡರೊಳಗೆ ಮದುವೆ ಆಗೋ ಕಾಲ. ಮದುವೆ ಆದವಳು ಮನೆ ಬಿಟ್ಟು ಬರೋ ಹಾಗಿಲ್ಲ. ಉಳಿದಿದ್ದು ಯಾರು ಅಂದ್ರೆ ವಿಧವೆಯರು ಮತ್ತು ಮೇಷ್ಟ್ರ ಹೆಂಡತಿಯರು. 1882ರ ಹಂಟರ್ ಆಯೋಗ ಇದನ್ನೇ ಬಾಯಿ ಬಿಟ್ಟು ಹೇಳ್ತು: ಅವರನ್ನ ಪ್ರೋತ್ಸಾಹಿಸಿ ಶಿಕ್ಷಕಿಯರನ್ನಾಗಿ ಮಾಡಿ ಅಂತ.

ನಮ್ಮ ದೇಶದಲ್ಲಿ ಶಿಕ್ಷಕಿ ಆಗೋ ದಾರಿ ಶುರುವಾದಾಗಲೇ ಅದರಲ್ಲಿ ನಡೆದವರಲ್ಲಿ ಎಷ್ಟೋ ಜನ ಓದೋ ವಯಸ್ಸು ದಾಟಿದವರು, ಬದುಕಲ್ಲಿ ಒಂದು ಸಲ ಎಲ್ಲಾ ಮುಗೀತು ಅಂತ ಊರವರು ತೀರ್ಮಾನ ಕೊಟ್ಟವರು. ಇದನ್ನ ತ್ಯಾಗದ ಕಥೆ ಮಾಡೋದು ನನಗಿಷ್ಟ ಇಲ್ಲ. ಸರ್ಕಾರಕ್ಕೆ ಶಿಕ್ಷಕಿಯರು ಬೇಕಿತ್ತು, ಇವರಿಗೆ ಅನ್ನ ಬೇಕಿತ್ತು. ಅಷ್ಟಾದ್ರೂ ತಿಂಗಳ ಕೊನೆಗೆ ಸಂಬಳ ಅವರದ್ದೇ ಕೈಗೆ ಬರ್ತಿತ್ತು.

(ಸಾವಿತ್ರಿಬಾಯಿ ಫುಲೆ ಯಾಕಿಲ್ಲ ಅಂತ ಕೇಳ್ತೀರ ಅಂತ ಗೊತ್ತು. 1848ರಲ್ಲಿ ಅವರಿಗೆ ಇನ್ನೂ ಹದಿನೇಳು. ಈ ಸೀರೀಸ್ ತಡವಾಗಿ ಬಂದವರದ್ದು.)

4/8

ಹಂಟರ್ ಆಯೋಗದ ಮುಂದೆ ಪುಣೆಯಲ್ಲಿ ಸಾಕ್ಷಿ ಹೇಳಿದವರಲ್ಲಿ 24 ವರ್ಷದ ಒಬ್ಬ ವಿಧವೆ ಇದ್ರು. ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಲ್ಲಿ, ತುಂಗೆ ಭದ್ರೆ ಹುಟ್ಟೋ ಜಾಗ. ಹೆಣ್ಣುಮಕ್ಕಳಿಗೆ ಮಹಿಳಾ ಶಿಕ್ಷಕಿಯರು, ಮಹಿಳಾ ಡಾಕ್ಟರುಗಳು ಬೇಕು ಅಂತ ಅವರು ಆಯೋಗಕ್ಕೆ ಹೇಳಿದ್ರು.

ಆಮೇಲೆ ಅವರು ಇಂಗ್ಲೆಂಡು, ಅಮೆರಿಕ ಸುತ್ತಿದ್ರು. ಸಂಸ್ಕೃತದಲ್ಲಿ ಪಂಡಿತೆ ಅಂತ ಕಲ್ಕತ್ತದ ವಿದ್ವಾಂಸರೇ ಒಪ್ಪಿದ್ದವರು, ಅಮೆರಿಕದಲ್ಲಿ ಕೂತು ಕಲಿತಿದ್ದು ಕಿಂಡರ್‌ಗಾರ್ಟನ್ ಪದ್ಧತಿ! ಅಷ್ಟು ದೊಡ್ಡ ವಿದ್ವತ್ತಿದ್ರೂ ಸಣ್ಣ ಮಕ್ಕಳಿಗೆ ಪಾಠ ಮಾಡೋದನ್ನ ಬೇರೆಯಾಗೇ ಕಲೀಬೇಕು ಅಂತ ಅವರಿಗೆ ಗೊತ್ತಿತ್ತು. 2023ರ ತೀರ್ಪು ಹೇಳಿದ್ದೂ ಇದನ್ನೇ ಅಲ್ವಾ? 1889ರಲ್ಲಿ ಮುಂಬೈನಲ್ಲಿ ಶಾರದಾ ಸದನ ತೆರೆದ್ರು, ವಿಧವೆಯರು ಓದಿ ತಮ್ಮ ಕಾಲ ಮೇಲೆ ನಿಲ್ಲಲಿ ಅಂತ.

ದಕ್ಷಿಣದಲ್ಲಿ ಇದೇ ಕೆಲಸ ಮಾಡಿದವರು ಸಿಸ್ಟರ್ ಸುಬ್ಬಲಕ್ಷ್ಮಿ. ಹುಟ್ಟಿದ್ದು 1886ರಲ್ಲಿ. ಬಾಲ್ಯವಿವಾಹ, ಬಾಲ್ಯದಲ್ಲೇ ವೈಧವ್ಯ. 1911ರಲ್ಲಿ ಮದ್ರಾಸಿನಲ್ಲಿ ಪದವಿ ಪಡೆದ್ರು. ಮರುವರ್ಷ ಬೆರಳೆಣಿಕೆಯಷ್ಟು ವಿಧವೆ ಹುಡುಗಿಯರನ್ನ ಇಟ್ಕೊಂಡು ಒಂದು ಮನೆ ಶುರು ಮಾಡಿದ್ರು. ಅದೇ ಮುಂದೆ ಮರೀನಾ ಬೀಚ್ ಎದುರಿನ ಐಸ್ ಹೌಸಿಗೆ ಹೋಯ್ತು. 1922ರಲ್ಲಿ ಲೇಡಿ ವಿಲ್ಲಿಂಗ್ಡನ್ ಟ್ರೈನಿಂಗ್ ಕಾಲೇಜು ಶುರುವಾದಾಗ ಅದರ ಮೊದಲ ಪ್ರಿನ್ಸಿಪಾಲ್ ಇವರೇ. ಆಗ ಮಂಗಳೂರು, ಬಳ್ಳಾರಿ ಎಲ್ಲಾ ಮದ್ರಾಸ್ ಪ್ರೆಸಿಡೆನ್ಸಿ ಒಳಗೇ ಇದ್ವು, ನೆನಪಿರಲಿ.

ನನಗೆ ಹೆಚ್ಚು ಹಿಡಿಸಿದ್ದು 1942ರ ವಿಷಯ. ಮೈಲಾಪುರದಲ್ಲಿ ಅವರು ಶ್ರೀ ವಿದ್ಯಾ ಕಲಾನಿಲಯಂ ಅಂತ ಶಾಲೆ ತೆರೆದ್ರು. ವಯಸ್ಕ ಹೆಂಗಸರಿಗೆ ಅಂತಾನೇ. ಮೂವತ್ತು ವರ್ಷ ಈ ಕೆಲಸ ಮಾಡಿದ ಮೇಲೂ "ವಯಸ್ಸು ದಾಟಿದವರಿಗೆ ಬೇರೆ ಬಾಗಿಲು ಬೇಕು" ಅನ್ನೋದು ಉಳಿದೇ ಇತ್ತು.

5/8

ಈಗ ಬರೋದು ನನ್ನ ಹೀರೋಯಿನ್. ದುರ್ಗಾಬಾಯಿ ದೇಶಮುಖ್.

ಹುಟ್ಟಿದ್ದು 1909, ರಾಜಮಂಡ್ರಿ. ಎಂಟು ವರ್ಷಕ್ಕೆ ಮದುವೆ. ದೊಡ್ಡವರಾದ ಮೇಲೆ ಆ ಮದುವೆ ಬೇಡ ಅಂತ ಹೊರಬಂದ್ರು. ಉಪ್ಪಿನ ಸತ್ಯಾಗ್ರಹ, ಜೈಲು. ಜೈಲಿಂದ ಬಂದ ಮೇಲೆ ಓದ್ಬೇಕು ಅಂತ ಕೂತ್ರು. ಶಾಲೆಗೆ ಹೋಗೋ ವಯಸ್ಸು ಯಾವತ್ತೋ ದಾಟಿತ್ತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಯನ್ನ ಖಾಸಗಿಯಾಗಿ ಕಟ್ಟಿ ಪಾಸಾದ್ರು. 1939ರಲ್ಲಿ ಆಂಧ್ರ ವಿಶ್ವವಿದ್ಯಾಲಯದಿಂದ ಬಿ.ಎ. 1942ರಲ್ಲಿ ಲಾ. ಡಿಗ್ರಿ ಬಂದಾಗ 30, ಲಾ ಮುಗಿಸಿದಾಗ 33. ಆಮೇಲೆ ಸಂವಿಧಾನ ಸಭೆಯ ಸದಸ್ಯೆ, ಯೋಜನಾ ಆಯೋಗದ ಸದಸ್ಯೆ. ನಮ್ಮ ಪಠ್ಯಪುಸ್ತಕದಲ್ಲಿ ಇವರಿಗೆ ಒಂದು ಸಾಲು ಸಿಕ್ಕಿದ್ರೆ ಹೆಚ್ಚು.

ತಾನು ಪಾಸಾಗಿ ಸುಮ್ಮನೆ ಕೂರಲಿಲ್ಲ. ಮದ್ರಾಸಿನಲ್ಲಿ ಬೇರೆ ಹೆಣ್ಣುಮಕ್ಕಳನ್ನೂ ಅದೇ ಬನಾರಸ್ ಮೆಟ್ರಿಕ್‌ಗೆ ತಯಾರು ಮಾಡೋಕೆ ಶುರು ಮಾಡಿದ್ರು. 1937ರ ಆಂಧ್ರ ಮಹಿಳಾ ಸಭಾದ ಬೇರು ಅಲ್ಲಿದೆ.

1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟಿದಾಗ ಇವರೇ ಮೊದಲ ಅಧ್ಯಕ್ಷೆ. ಆಗ ಹಳ್ಳಿಗಳಲ್ಲಿ ಒಂದು ವಿಚಿತ್ರ ಪರಿಸ್ಥಿತಿ. ಶಿಕ್ಷಕಿ, ನರ್ಸು, ಸೂಲಗಿತ್ತಿ, ಗ್ರಾಮಸೇವಿಕೆ ಎಲ್ಲಾ ಬೇಕು. ಪಟ್ಟಣದಲ್ಲಿ ಓದಿದ ಹುಡುಗಿಯರು ಹಳ್ಳಿಗೆ ಬರಲ್ಲ. ಹಳ್ಳಿಯಲ್ಲೇ ಇರೋ ಹೆಂಗಸರಿಗೆ ತರಬೇತಿಗೆ ಸೇರೋಕೆ ಬೇಕಾದ ಸರ್ಟಿಫಿಕೇಟ್ ಇಲ್ಲ, ನಾಕನೇ ಕ್ಲಾಸಿಗೋ ಐದನೇ ಕ್ಲಾಸಿಗೋ ಬಿಟ್ಟಿದಾರೆ. ಮತ್ತೆ ಪುಟ್ಟ ಮಕ್ಕಳ ಜೊತೆ ಬೆಂಚಲ್ಲಿ ಕೂರಿಸೋಕಾಗುತ್ತಾ?

ಅದಕ್ಕೆ 1958ರಲ್ಲಿ ಮಂಡಳಿ ವಯಸ್ಕ ಮಹಿಳೆಯರ ಸಂಕ್ಷಿಪ್ತ ಶಿಕ್ಷಣ ಕೋರ್ಸು ಶುರು ಮಾಡ್ತು. ಎರಡು ವರ್ಷ ಕೂರಿಸಿ, ಬಿಟ್ಟುಹೋದ ಐದಾರು ವರ್ಷದ ಪಾಠವನ್ನ ಕಡೆದು ಕೊಟ್ಟು, ಮಿಡ್ಲ್ ಸ್ಕೂಲ್ ಅಥವಾ ಮೆಟ್ರಿಕ್ ಪರೀಕ್ಷೆಗೆ ಕೂರಿಸೋದು. ಅಲ್ಲಿಂದ ಶಿಕ್ಷಕಿಯರ ತರಬೇತಿಗೋ ನರ್ಸಿಂಗಿಗೋ ಹೋಗಬಹುದು. ಸೇರಿದವರಲ್ಲಿ ವಿಧವೆಯರು, ಗಂಡ ಬಿಟ್ಟವರು, ಬಡವರ ಮನೆಯವರು.

ಈ ಕೋರ್ಸಿನ ಬುದ್ಧಿವಂತಿಕೆ ಗಮನಿಸಿ. "ವಯಸ್ಸಾಗಿದೆ ಪಾಪ, ಪರೀಕ್ಷೆ ಬೇಡ" ಅಂತ ರಿಯಾಯಿತಿ ಕೊಡಲಿಲ್ಲ. ಪರೀಕ್ಷೆ ಎಲ್ಲರಿಗೂ ಅದೇ. ಅಲ್ಲಿಗೆ ತಲುಪೋ ದಾರಿ ಮಾತ್ರ ದೊಡ್ಡವರ ಬದುಕಿಗೆ ಹೊಂದೋ ಹಾಗೆ ಮಾಡಿದ್ರು. ಇದಾದ ಮೇಲೆ ಬಂದ ಎಷ್ಟೋ ಸ್ಕೀಮುಗಳು ಈ ವಿಷಯದಲ್ಲಿ ಉಲ್ಟಾ. ದಾರಿ ಕಷ್ಟ ಇಟ್ಟು, ಕೊನೇಲಿ ಸರ್ಟಿಫಿಕೇಟ್ ಸುಲಭ ಮಾಡಿ, ಆಮೇಲೆ ಆ ಸರ್ಟಿಫಿಕೇಟ್ ನಡೆಯಲ್ಲ ಅಂತ ಹೇಳೋದು. ಏಳನೇ ಪೋಸ್ಟಲ್ಲಿ ನೋಡ್ತೀರ.

6/8

ಸಣ್ಣ ಪೋಸ್ಟ್, ಆದ್ರೆ ಗೊಂದಲದ ಬೇರು ಇಲ್ಲಿದೆ.

ಬ್ರಿಟಿಷರ ಕಾಲದಿಂದಲೂ ಶಿಕ್ಷಕರ ತರಬೇತಿ ಎರಡು ಅಂತಸ್ತಿನ ಮನೆ. ಮೇಲಂತಸ್ತು: ಡಿಗ್ರಿ ಆದವರಿಗೆ ಎಲ್.ಟಿ., ಬಿ.ಟಿ., ಆಮೇಲೆ ಬಿ.ಎಡ್. ಇದು ವಿಶ್ವವಿದ್ಯಾಲಯದ್ದು, ಹೈಸ್ಕೂಲ್ ಮೇಷ್ಟ್ರಿಗೆ. ಕೆಳಂತಸ್ತು: ಪ್ರೈಮರಿಯವರಿಗೆ ಸರ್ಟಿಫಿಕೇಟ್. ವಿಶ್ವವಿದ್ಯಾಲಯದ ಗೇಟಿನ ಹೊರಗೆ. ನಮ್ಮಲ್ಲಿ ಟಿ.ಸಿ.ಎಚ್ ಅಂತಿದ್ದಿದ್ದು, ಆಮೇಲೆ ಡಿ.ಎಡ್ ಆಗಿದ್ದು, ಈಗ ಡಿ.ಎಲ್.ಎಡ್ ಆಗಿರೋದು ಇದೇ.

1964–66ರ ಕೊಠಾರಿ ಆಯೋಗ ಈ ಗೋಡೆ ಒಡೀರಿ ಅಂತ ಹೇಳ್ತು. ಶಿಕ್ಷಕರ ತರಬೇತಿ ವಿಶ್ವವಿದ್ಯಾಲಯದ ಬದುಕಿನಿಂದ ಬೇರೆಯಾಗಿ ಉಳಿದಿರೋದು ತಪ್ಪು ಅಂತ. ಗೋಡೆ ಒಡೆಯಲಿಲ್ಲ. ಮೆಟ್ಟಿಲು ಮಾತ್ರ ಏರ್ತಾ ಹೋಯ್ತು. ಮೊದಲು ಮಿಡ್ಲ್ ಸ್ಕೂಲ್ ಪಾಸಾದವರೂ ಪ್ರೈಮರಿ ಮೇಷ್ಟ್ರಾಗ್ತಿದ್ರು, ಆಮೇಲೆ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ.

ಪ್ರೈಮರಿಗೇ ಅಂತ ಒಂದು ನಿಜವಾದ ಡಿಗ್ರಿ ಬಂದಿದ್ದು 1994ರಲ್ಲಿ. ದೆಹಲಿ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಬಿ.ಎಲ್.ಎಡ್. ಬಹಳ ಒಳ್ಳೆ ಕೋರ್ಸು ಅಂತ ಓದಿದವರೆಲ್ಲಾ ಹೇಳ್ತಾರೆ. ಆದ್ರೆ 12ನೇ ಕ್ಲಾಸ್ ಆದ ಕೂಡಲೇ, ನಾಲ್ಕು ವರ್ಷ ಪೂರ್ತಿ ಹಗಲು ಕಾಲೇಜಿಗೆ ಬರೋಕಾಗೋ ಹುಡುಗಿಯರಿಗೆ. ನನ್ನ ಚಿಕ್ಕಮ್ಮನಂಥವರನ್ನ ಮನಸ್ಸಲ್ಲಿಟ್ಕೊಂಡು ಮಾಡಿದ್ದಲ್ಲ.

ಹೀಗಾಗಿ ಮನೆ ಮನೇಲಿ ಕೂತ ನಂಬಿಕೆ ಏನು? ಬಿ.ಎಡ್ ಅಂದ್ರೆ ಡಿಗ್ರಿ, ದೊಡ್ಡದು. ಡಿ.ಎಡ್ ಅಂದ್ರೆ ಡಿಪ್ಲೊಮಾ, ಚಿಕ್ಕದು. ಚಿಕ್ಕ ಮಕ್ಕಳ ಪಾಠ ಚಿಕ್ಕ ಕೆಲಸ ಅನ್ನೋ ಹಳೇ ತಾತ್ಸಾರ ಸರ್ಟಿಫಿಕೇಟ್ ಹೆಸರಲ್ಲಿ ಉಳ್ಕೊಂಡಿದೆ, ಅಷ್ಟೇ.

7/8

2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ. 2010ರ ಆಗಸ್ಟ್ 23ಕ್ಕೆ ಎನ್‌ಸಿಟಿಇ ಅರ್ಹತೆಗಳನ್ನ ಪ್ರಕಟಿಸ್ತು. 1ರಿಂದ 5ಕ್ಕೆ ಪಿಯುಸಿ ಜೊತೆ ಡಿ.ಎಲ್.ಎಡ್, ಅಥವಾ ಬಿ.ಎಲ್.ಎಡ್, ಮೇಲೆ ಟಿಇಟಿ. ಶಿಕ್ಷಕರ ಕೊರತೆ ಇತ್ತಲ್ಲ, ಬಿ.ಎಡ್‌ನವರಿಗೂ 2012ರ ಜನವರಿ 1ರವರೆಗೆ ಕಿಟಕಿ ತೆರೆದಿಟ್ರು, ಆರು ತಿಂಗಳ ವಿಶೇಷ ತರಬೇತಿ ಷರತ್ತಿನ ಮೇಲೆ. ಆಮೇಲೆ ಮುಚ್ಚಿತು.

2017ರಲ್ಲಿ ಇನ್ನೊಂದು. ತರಬೇತಿ ಇಲ್ಲದೆ ಆಗಲೇ ಪಾಠ ಮಾಡ್ತಿದ್ದವರು 2019ರ ಮಾರ್ಚ್ 31ರೊಳಗೆ ಅರ್ಹತೆ ಪಡೀಬೇಕು ಅಂತ ಕಾಯ್ದೆ ತಿದ್ದಿದ್ರು. ಎನ್‌ಐಒಎಸ್ ಮೂಲಕ ದೂರಶಿಕ್ಷಣದ ಡಿ.ಎಲ್.ಎಡ್ ಬಂತು. ಸೇರಿದವರು 13 ಲಕ್ಷಕ್ಕೂ ಹೆಚ್ಚು! ಟಿವಿ ಚಾನೆಲ್ಲಲ್ಲಿ, ಮೊಬೈಲಲ್ಲಿ ಪಾಠ. ಹಗಲು ಶಾಲೇಲಿ ಪಾಠ ಮಾಡಿ ರಾತ್ರಿ ವಿದ್ಯಾರ್ಥಿ ಆದವರು ಇವರು. ಆದ್ರೆ ಕೋರ್ಸನ್ನ 18 ತಿಂಗಳಿಗೆ ಮುಗಿಸಿದ್ರು. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳ್ತು, ಹೊಸ ನೇಮಕಾತಿಗೆ ಇದು ಎರಡು ವರ್ಷದ ಡಿಪ್ಲೊಮಾಗೆ ಸಮ ಅಲ್ಲ. 2024ರ ಡಿಸೆಂಬರ್‌ನಲ್ಲಿ 2017ರ ಆಗಸ್ಟ್ 10ಕ್ಕೆ ಕೆಲಸದಲ್ಲಿದ್ದವರಿಗೆ ಮಾತ್ರ ರಕ್ಷಣೆ ಸಿಕ್ತು. ಒಂದು ವರ್ಷ ಅವರು ಹೇಗೆ ನಿದ್ದೆ ಮಾಡಿದ್ರೋ.

ಮಧ್ಯದಲ್ಲಿ 2018ರ ಜೂನ್ 28. ಕೇಂದ್ರ ಸಚಿವಾಲಯದ ಸೂಚನೆ ಮೇಲೆ ಎನ್‌ಸಿಟಿಇ ಬಿ.ಎಡ್ ಕಿಟಕಿಯನ್ನ ಮತ್ತೆ ತೆರೀತು. ನೇಮಕ ಆಗಿ ಎರಡು ವರ್ಷದೊಳಗೆ ಆರು ತಿಂಗಳ ಬ್ರಿಡ್ಜ್ ಕೋರ್ಸ್ ಮಾಡಿದ್ರೆ ಸಾಕು ಅಂತ. ಲಕ್ಷಾಂತರ ಜನ ನಂಬಿ ಬಿ.ಎಡ್‌ಗೆ ದುಡ್ಡು ಕಟ್ಟಿದ್ರು. 2021ರ ನವೆಂಬರ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಆ ಅಧಿಸೂಚನೆ ರದ್ದು ಮಾಡ್ತು, 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡೀತು. 2024ರ ಏಪ್ರಿಲ್ 8ರಂದು, ತೀರ್ಪಿಗೆ ಮುಂಚೆ ನೇಮಕವಾದವರ ಕೆಲಸ ಉಳೀತು, ಬ್ರಿಡ್ಜ್ ಕೋರ್ಸ್ ಷರತ್ತಿನ ಮೇಲೆ. ಬಿ.ಎಡ್ ಮುಗಿಸಿ ನೇಮಕಕ್ಕೆ ಕಾಯ್ತಿದ್ದವರಿಗೆ ಏನೂ ಇಲ್ಲ.

ಪ್ಯಾಟರ್ನ್ ಕಾಣ್ತಾ? ಕೊರತೆ ಆದಾಗ ಅಡ್ಡದಾರಿ ತೆರೀತಾರೆ. ತಡವಾಗಿ ಬಂದವರು ಅದನ್ನೇ ಹಿಡೀತಾರೆ, ಯಾಕಂದ್ರೆ ಅವರಿಗೆ ಸಮಯ ಕಮ್ಮಿ. ಮುಚ್ಚಿದಾಗ ಒಳಗೆ ಸಿಕ್ಕೋರೂ ಅವರೇ. ಮಕ್ಕಳ ಹಕ್ಕಿಗಾಗಿ ಮುಚ್ಚಿದ್ದು ಸರಿ. ಅಧಿಸೂಚನೆ ಹೊರಡಿಸಿದವರು ಮಾತ್ರ ಒಂದು ರೂಪಾಯಿ ಕಳ್ಕೊಳ್ಳಲಿಲ್ಲ.

8/8

ಈಗಿನ ಸ್ಥಿತಿ. ಎನ್‌ಇಪಿ 2020 ಪ್ರಕಾರ 2030ರ ಹೊತ್ತಿಗೆ ಶಿಕ್ಷಕರಾಗೋಕೆ ಕನಿಷ್ಠ ಅರ್ಹತೆ ನಾಲ್ಕು ವರ್ಷದ ಇಂಟಿಗ್ರೇಟೆಡ್ ಬಿ.ಎಡ್. ಇದರ ಹೆಸರು ಐಟಿಇಪಿ, 2023–24ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿದೆ. ಕೊಠಾರಿ ಹೇಳಿದ ಗೋಡೆ ಇದರಲ್ಲಿ ಒಡೆಯಬಹುದು, ಯಾಕಂದ್ರೆ ಸಣ್ಣ ಮಕ್ಕಳ ಹಂತಕ್ಕೂ ಹೈಸ್ಕೂಲ್ ಹಂತಕ್ಕೂ ಒಂದೇ ತೂಕದ ಡಿಗ್ರಿ. ಡಿಗ್ರಿ ಆಗಲೇ ಇರೋರಿಗೆ ಎರಡು ವರ್ಷದ, ಕೆಲವರಿಗೆ ಒಂದು ವರ್ಷದ ಬಿ.ಎಡ್ ಅಂತಾನೂ ನೀತಿಯಲ್ಲಿದೆ.

2025ರ ಸೆಪ್ಟೆಂಬರ್ 1ರಂದು ಇನ್ನೊಂದು ತೀರ್ಪು. ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಉಳಿದಿರೋ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಅಂತ. ಐವತ್ತರ ಮೇಷ್ಟ್ರುಗಳು ಈಗ ಗೈಡ್ ತಗೊಂಡು ಕೂತಿದಾರೆ.

ಹಾಗಾದ್ರೆ ಪಿಯುಸಿ ಆಗಿರೋ 36ರ ಒಬ್ಬರು ಯಾವುದು ಆರಿಸ್ಬೇಕು? ನಾನು ಕೌನ್ಸೆಲರ್ ಅಲ್ಲ, ಲೆಕ್ಕ ಮಾತ್ರ ಇಡ್ತೀನಿ. ಐಟಿಇಪಿ 4 ವರ್ಷ, ಹಗಲು ಕಾಲೇಜು, ಪಕ್ಕದಲ್ಲಿ ಹದಿನೆಂಟರವರು. ಬಿ.ಎ, ಬಿ.ಎಡ್ 5 ವರ್ಷ, ಚಿಕ್ಕ ಮಕ್ಕಳ ಕ್ಲಾಸಿಗೆ ನಡೆಯಲ್ಲ. ಡಿ.ಎಲ್.ಎಡ್ 2 ವರ್ಷ, ಇವತ್ತಿನ ನಿಯಮದಲ್ಲಿ 1ರಿಂದ 5ಕ್ಕೆ ನೇರ ಅರ್ಹತೆ, ಟಿಇಟಿ ಬೇರೆ. ಅದಾದ ಮೇಲೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಂಥ ಕಡೆ ಬಿ.ಎ ಮಾಡ್ಕೊಂಡ್ರೆ ಎನ್‌ಸಿಟಿಇ ನಿಯಮದ ಪ್ರಕಾರ ಪದವಿ ಜೊತೆ ಡಿ.ಎಲ್.ಎಡ್ ಇರೋರು 6ರಿಂದ 8ಕ್ಕೂ ಬರ್ತಾರೆ. ರಾಜ್ಯದ ನೇಮಕಾತಿ ನಿಯಮ, ವಿಷಯ, ವಯೋಮಿತಿ ಇವನ್ನ ಅರ್ಜಿ ಹಾಕೋ ವರ್ಷದ ಅಧಿಸೂಚನೆಯಲ್ಲೇ ನೋಡಿ. ಏಜೆಂಟ್ ಬಾಯಲ್ಲಿ ಕೇಳ್ಬೇಡಿ, ರೀಲ್ಸ್ ನೋಡಿ ಸೇರ್ಬೇಡಿ. ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯಾ ಅಂತ ದುಡ್ಡು ಕಟ್ಟೋಕೆ ಮುಂಚೆ ನೋಡಿ.

ಇದನ್ನೆಲ್ಲಾ ಓದಿ ಹೇಳಿದ್ಮೇಲೆ ಚಿಕ್ಕಮ್ಮ ಡಿ.ಎಲ್.ಎಡ್ ಅಂತ ನಿರ್ಧಾರ ಮಾಡಿದಾಳೆ. "2030ಕ್ಕೆ ಮತ್ತೆ ರೂಲ್ಸ್ ಬದಲಾದ್ರೆ?" ಅಂದೆ. "ಅಷ್ಟೊತ್ತಿಗೆ ನಾನು ಟಿಇಟಿ ಮುಗಿಸಿ ಎರಡು ವರ್ಷ ಆಗಿರುತ್ತೆ, ಮೊದ್ಲು ಆ ಮಾರ್ಕ್ಸ್ ಕಾರ್ಡ್ ಹುಡುಕ್ಕೊಡೇ" ಅಂದ್ಲು. ಪಿಯುಸಿ ಮಾರ್ಕ್ಸ್ ಕಾರ್ಡ್ ತವರು ಮನೆ ಟ್ರಂಕಲ್ಲಿದೆ, ಭಾನುವಾರ ಹೋಗ್ತಿದೀವಿ.

ನಿಮ್ಮ ಮನೇಲಿ ಟಿ.ಸಿ.ಎಚ್ ಮಾಡಿದ ಅಜ್ಜಿ, ದೊಡ್ಡಮ್ಮ, ಮಾವ ಯಾರಾದ್ರೂ ಇದ್ರೆ ಕೇಳಿ: ಯಾವ ವರ್ಷ ಸೇರಿದ್ರು, ಎಷ್ಟನೇ ಕ್ಲಾಸ್ ಪಾಸಾಗಿ ಸೇರಿದ್ರು, ಆಗ ವಯಸ್ಸೆಷ್ಟು? ಹೆಸರು ಬೇಡ, ಊರು ಮತ್ತು ವರ್ಷ ಸಾಕು. ಕಮೆಂಟಲ್ಲಿ ಹಾಕಿ, ಎಲ್ಲಾ ಸೇರಿಸಿ ಇನ್ನೊಂದು ಪೋಸ್ಟ್ ಮಾಡ್ತೀನಿ.

#ನಮ್ಮಇತಿಹಾಸ #ಡಿಎಡ್‌ಬಿಎಡ್ #ದುರ್ಗಾಬಾಯಿದೇಶಮುಖ್ #ಕನ್ನಡಕ್ಯಾಪ್ಷನ್